ಹತ್ತು ಸೆಂಟಿನ ಕಾಗದ

ವರ್ಮಾಂಟಿನ ಹಿಮದಲ್ಲಿ ಮೊದಲು ಬಂದವನು ಅವನೇ,
ಅಸಹೇಲ್ ಟ್ವಿಚೆಲ್; ಎಡಗಾಲ ಬೂಟು ಬಾಯಿಬಿಟ್ಟಿತ್ತು.
'ಸಹೋದರಿ ಕೆಜಾಯಾ, ಕಾಗದ ಸಿಕ್ಕಿತೇ?'
ಇಲ್ಲ. ಸಿಕ್ಕಿದ್ದರೆ ಇನ್ನೊಂದು ಹಿಡಿ ಹಿಟ್ಟು ಕಲಸಿರುತ್ತಿದ್ದೆ.

ಒಲೆಯ ಪಕ್ಕ ಹಾಸಿಕೊಟ್ಟೆ. ಸಬ್ಬತ್ ಕಳೆಯಿತು.
ಬೂಟಿಗೆ ಬಿತ್ತು ನಮ್ಮ ಹಳೆಯ ಜೀನಿನ ತೊಗಲು.

ನಾಲ್ಕನೆಯ ದಿನ ಅಂಚೆ:
ಹತ್ತು ಸೆಂಟು ತೆತ್ತರೇ ಕೈಗೆ.
ಮೊಟ್ಟೆ ಮಾರಿ ಬಿಡಿಸಿಕೊಂಡು ಬಂದೆ.

ಅವನೇ ಓದಿದ, ಮೇಣದಬತ್ತಿಗೆ ಹಿಡಿದು:
'ಬರುವವನು ನಮ್ಮವನು. ಬಾಗಿಲು ತೆರೆಯಿರಿ.'
ಓದಿ, ಕಿವಿಯವರೆಗೂ ಕೆಂಪಾದ.

ನಾನು ನಗಲಿಲ್ಲ.
ಆ ಅಕ್ಟೋಬರಿನಲ್ಲಿ ಆಲೂಗಡ್ಡೆ ಅಗೆಯದೆ ಬಿಟ್ಟು
ಗುಡ್ಡದ ಮೇಲೆ ಬೆಳಗಿನ ತನಕ ಕಾದವಳು ನಾನು.
ಬರುತ್ತೇನೆಂದವನು ಬಂದಿರಲಿಲ್ಲ.

ಈಗ ನಾಯಿ ಬೊಗಳಿದರೂ ಸಾಕು,
ತಟ್ಟುವ ಮೊದಲೇ ಚಿಲಕ ತೆಗೆಯುತ್ತೇನೆ.