ಕೊಸರು

ರಾತ್ರಿ ಹನ್ನೊಂದಕ್ಕೆ ನನ್ನ ಎರಡನೇ ಕಾಲೇಜು ಶುರು.
ಕಿಸುಮುವಿನ ಈ ಕೋಣೆಯಲ್ಲಿ, ಎರಡು ಮಂಚಗಳ ನಡುವೆ
ಬೋರಲು ಹಾಕಿದ ಬಕೆಟ್ಟಿನ ಮೇಲೆ ಲ್ಯಾಪ್‌ಟಾಪು,
ನೆಕೇಸಾಳ ಗೊರಕೆ,
ಮೀಟರಿನಲ್ಲಿ ಇನ್ನು ನಾಲ್ಕೇ ಯೂನಿಟ್ಟು ಕರೆಂಟು.

ಎಲ್ಲೋ ಒಂದು ದೇಶದಲ್ಲಿ ಯಾರೋ ಮಲಗಿದ್ದಾರೆ,
ಅವರ ಬದಲು ನಾನು ಎದ್ದಿದ್ದೇನೆ.
ಈ ತಿಂಗಳು ನರ್ಸಿಂಗ್ ಓದಿದೆ, ಕಡಲ ಕಾನೂನು ಓದಿದೆ,
ಹಿಮದಲ್ಲಿ ಜಾರಿಬಿದ್ದು ಕಲಿತ ಪಾಠವೇನೆಂದು
ಎಂಟುನೂರು ಪದಗಳಲ್ಲಿ ಬರೆದೆ.
ನಾನು ಹಿಮ ನೋಡಿದ್ದು ಫ್ರಿಜ್ಜಿನಲ್ಲಿ,
ಅದೂ ಮೀನಂಗಡಿಯದು.
ಅಂಕ ಅವರಿಗೆ, ಶಿಲ್ಲಿಂಗು ನನಗೆ.
ಫೋನು ಒಮ್ಮೆ ನಡುಗಿದರೆ ವಾರದ ಊಟ.

ಬೆಳಗಿನ ಎಂಟರ ಅಂಕಿಅಂಶದ ತರಗತಿಯಲ್ಲಿ
ಕೊನೆಯ ಬೆಂಚಿನ ಮೇಲೆ ನನ್ನ ಕೆನ್ನೆ.
ನನ್ನದೇ ಅಸೈನ್‌ಮೆಂಟು ಮೂರು ಬಾಕಿ.
ಮಂದಾಜಿ ಕರಿಯುವ ಹೆಂಗಸಿನ ಸಾಲದ ಪುಸ್ತಕದಲ್ಲಿ ಮಾತ್ರ
ನನ್ನ ಹಾಜರಿ ಪೂರ್ತಿ ಇದೆ.

ಮಾರ್ಚಿನಲ್ಲಿ ಒಬ್ಬ ಕೇಳಿದ:
'ನನ್ನನ್ನು ರೂಪಿಸಿದ ವ್ಯಕ್ತಿ. ಸಾವಿರದಿನ್ನೂರು ಪದ.
ಬೆಳಗಾಗುವುದರೊಳಗೆ ಬೇಕು.'
ಕತೆ ಕಟ್ಟುವಷ್ಟು ಎಚ್ಚರವಿರಲಿಲ್ಲ.
ಕೈಗೆ ಸಿಕ್ಕವಳು ಅಜ್ಜಿ.
ಅಜ್ಜಿ ರೋಸ್ಲಿಡಾ, ದಡದ ಮೇಲೆ ಬಲೆ ಹಾಸಿ
ಬೆರಳುದ್ದದ ಒಮೆನಾ ಮೀನು ಒಣಗಿಸುವವಳು,
ಬೆಳ್ಳಕ್ಕಿಗೂ ಪೊಲೀಸಿಗೂ ಒಂದೇ ಬೈಗುಳ ಇಟ್ಟುಕೊಂಡವಳು,
ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿದ ನನ್ನನ್ನು
ಬಿಡಿಸಿ, ಅಂಥ ಮಕ್ಕಳಿಗಿಡುವ ಹೆಸರನ್ನೇ ಇಟ್ಟು
ಅವೀನೊ ಎಂದು ಮೊದಲು ಕರೆದವಳು.
ಸರೋವರ ಅಳಿಸಿ ಸಮುದ್ರ ಮಾಡಿದೆ,
ಒಮೆನಾ ತೆಗೆದು ಅವರ ಕಡೆಯ ಮೀನು ಹಾಕಿದೆ,
ಹೊಕ್ಕುಳಬಳ್ಳಿ ಹಾಗೇ ಬಿಟ್ಟೆ.
ಏಳುನೂರು ಶಿಲ್ಲಿಂಗು ಬಂತು. ಐದು ನಕ್ಷತ್ರ.

ಮೇ ತಿಂಗಳಲ್ಲಿ ಕೆರುಬೊ ಮೇಡಂ ಬೋರ್ಡಿನ ಮೇಲೆ ಬರೆದರು:
'ನಿಮ್ಮ ಮನೆಯ ಹಿರಿಯರೊಬ್ಬರು. ಸ್ವಂತ ಮಾತಿನಲ್ಲಿ.'
ಇದ್ದದ್ದೇ ಒಬ್ಬಳು ಅಜ್ಜಿ, ಒಂದೇ ಸ್ವಂತ ಮಾತು.
ಸಮುದ್ರವನ್ನು ಮತ್ತೆ ಸರೋವರ ಮಾಡಿ ಕಳಿಸಿದೆ.

ಯಂತ್ರ ಹೇಳಿತು: ಹೋಲಿಕೆ ನೂರಕ್ಕೆ ಎಂಬತ್ತೆಂಟು.
ಅಜ್ಜಿಯ ಮೈತುಂಬ ಕೆಂಪು ಬಳಿದಿತ್ತು.
ಮೂಲ: ಚಳಿಯೂರಿನ ಯಾವುದೋ ಕಾಲೇಜು, ವಿದ್ಯಾರ್ಥಿಯ ಪ್ರಬಂಧ.
ನನ್ನ ಹೊಕ್ಕುಳಬಳ್ಳಿಯೂ ಕದ್ದ ಮಾಲು.

'ಯಾರದ್ದು ಕದ್ದೆ?' ಎಂದರು ಮೇಡಂ,
ಸಿಟ್ಟಿಲ್ಲದೆ. ಅದೇ ಕಷ್ಟ.
ನಿಜ ಹೇಳಿದರೆ ಎರಡು ತಪ್ಪು,
ಸುಮ್ಮನಿದ್ದರೆ ಒಂದೇ.
ಸುಮ್ಮನಿದ್ದೆ.
'ಸೋಮವಾರ ಬೇರೆ ಬರೆದು ತಾ.'

ಶನಿವಾರ ದಡಕ್ಕೆ ಹೋದೆ.
ಅಂತರಗಂಗೆ ಹಬ್ಬಿ ದೋಣಿಗಳೆಲ್ಲ ಹುಲ್ಲುಗಾವಲಿನಲ್ಲಿ
ದಾರಿ ತಪ್ಪಿದ ಎಮ್ಮೆಗಳ ಹಾಗೆ ನಿಂತಿದ್ದವು.
'ನಿನ್ನನ್ನು ಮಾರಿಬಿಟ್ಟೆ ಅಜ್ಜಿ.'
'ಎಷ್ಟಕ್ಕೆ?'
'ಏಳುನೂರಕ್ಕೆ.'
ಡಬ್ಬಿ ತುಂಬುತ್ತಿದ್ದ ಕೈ ನಿಲ್ಲಲಿಲ್ಲ.
'ಕೊಸರು ಹಾಕಿದೆಯೋ?'
'ಇಲ್ಲ. ಎಣಿಸಿ ಸಾವಿರದಿನ್ನೂರು.'
'ಹಾಗಾದರೆ ಇನ್ನೂ ಒಂದಿಷ್ಟು ಉಳಿದಿದ್ದೀನಿ ಬಿಡು'
ಎನ್ನುತ್ತ ಗಿರಾಕಿಯ ಚೀಲಕ್ಕೆ ಡಬ್ಬಿ ಮಗುಚಿ
ಮೇಲೊಂದು ಹಿಡಿ ಒಮೆನಾ ಸುರಿದಳು.
ಗಿರಾಕಿ ಹರಸಿ ಹೋದಳು.

ಡಬ್ಬಿ ಬಿಸಿಲಿನಲ್ಲಿ ಬೋರಲು ಬಿದ್ದಿತ್ತು.
ನಾಲ್ಕು ವರ್ಷದವಳಿದ್ದಾಗಲೇ ನೋಡಿದ್ದೆ ಅದನ್ನು,
ಕಲ್ಲಿನಿಂದ ಅವಳು ಬಡಿಯುವಾಗ ಡಬ್ಬಿ ಹಿಡಿದಿದ್ದವಳೇ ನಾನು.
ಆ ಚಳಿಯೂರಿನ ಹುಡುಗನಿಗೆ ಇದನ್ನು ಕೊಟ್ಟಿರಲಿಲ್ಲ.
ಯಾಕೆ ಕೊಡಲಿಲ್ಲವೋ, ಅಷ್ಟು ನಿದ್ದೆಯಲ್ಲೂ.

ಭಾನುವಾರ ರಾತ್ರಿ. ಯೂನಿಟ್ಟು ಮುಗಿದಿದೆ.
ನೆಕೇಸಾ ಮಗ್ಗುಲು ಬದಲಿಸಿ ತನ್ನ ಟಾರ್ಚು ಕೊಟ್ಟಳು.
ಹಾಳೆಯ ಮೇಲೆ ಪೆನ್ನಿನಲ್ಲಿ, ಪದ ಎಣಿಸದೆ:

ನನ್ನ ಅಜ್ಜಿಯ ಅಳತೆಯ ಡಬ್ಬಿಗೆ
ತಳ ಎರಡು ಬೆರಳು ಒಳಕ್ಕಿದೆ.