ಬಿಸ್ಕತ್ತು ಡಬ್ಬಿಯ ಜೇಡ

ರಸೆಲ್ ಮಾರ್ಕೆಟ್ಟಿನ ಹಿಂದೆ, ಸೀಗಡಿ ವಾಸನೆ ಮುಗಿದು
ಹಿತ್ತಾಳೆ ವಾಸನೆ ಶುರುವಾಗುವಲ್ಲಿ
ಇನಾಯತ್ ಸಾಬರ ಅಂಗಡಿ.
ಬಾಗಿಲೆಷ್ಟೋ ಅಷ್ಟೇ ಅಗಲ.

ಸರ್ವೆ ಕಚೇರಿಯ ಉಗ್ರಾಣದಿಂದ
ಗೋಣಿತಾಟಿನಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು
ಜ್ವರ ಬಂದ ಮಗುವಿನ ಹಾಗೆ ತಂದಿದ್ದೆ ಥಿಯೋಡೊಲೈಟನ್ನು.
ದಾಸ್ತಾನು ಪುಸ್ತಕದಲ್ಲಿ ಅದರ ಹೆಸರು
'ಹಳೇ ಹಿತ್ತಾಳೆ, ಏಳೂವರೆ ಕೆಜಿ.'
ಹರಾಜಿಗೆ ಇನ್ನು ಒಂಬತ್ತು ದಿನ.

ಹೆಬ್ಬೆರಳ ಉಗುರಲ್ಲಿ ಕಿಲುಬು ಕೆರೆದು ಓದಿದರು:
ಹಾರ್ಡ್‌ವಿಕ್ ಅಂಡ್ ಸನ್, ಲಂಡನ್, ೧೮೬೪.
'ಮಗ ಮಾಡಿದ್ದು ಇದು. ಅಪ್ಪನಾಗಿದ್ದರೆ
ಈ ಸ್ಕ್ರೂ ಇಲ್ಲಿ ಇಡ್ತಿರಲಿಲ್ಲ.'

ಗಾಜು ಸರಿಯಿದೆ. ಬೆಳ್ಳಿಯ ಬಳೆಯ ಮೇಲೆ
ಡಿಗ್ರಿ ಗೆರೆಗಳು ಎಳ್ಳಷ್ಟೂ ಮಾಸಿಲ್ಲ.
ಹೋಗಿರುವುದು ನೂಲು.
ಕಣ್ಣಿಟ್ಟಲ್ಲಿ ಎರಡು ಎಳೆ ಒಂದನ್ನೊಂದು ದಾಟಬೇಕು;
ಇಲ್ಲದಿದ್ದರೆ ನೋಟವಿದೆ, ಗುರಿಯಿಲ್ಲ.

ಅಟ್ಟದ ಹಲಗೆಯಿಂದ ಬಿಸ್ಕತ್ತು ಡಬ್ಬಿ ಇಳಿಯಿತು.
ಮುಚ್ಚಳಕ್ಕೆ ಮೊಳೆ ಹೊಡೆದ ತೂತು.
ಒಳಗೆ ಒಬ್ಬಳು.
'ಹೈಕೋರ್ಟಿನ ಬೇಲಿಯವಳು. ಮನೆ ಜೇಡ ಆಗಲ್ಲ,
ಅದರ ನೂಲು ಧೂಳಿಗೇ ಹುಟ್ಟಿದ್ದು.'

ಕವಲು ತಂತಿಯ ತುದಿಗೆ ಹತ್ತಿಸಿ ಮೆಲ್ಲಗೆ ಉಫ್ ಎಂದರು.
ಜಾರಿದಳು.
ಬೀಳಲಿಲ್ಲ.
ತನ್ನೊಳಗಿಂದ ತೆಗೆದ ಹಾದಿಯ ಮೇಲೆ
ಅವಳು ಇಳಿಯುತ್ತ ಹೋದಳು,
ಸಾಬರು ತಂತಿ ತಿರುಗಿಸುತ್ತ ಸುತ್ತಿಕೊಳ್ಳುತ್ತ ಹೋದರು.
ಹೊರಗೆ ಬಸ್ಸಿನವನು ಹಾರನ್ ಹೊಡೆದಾಗ
ಇಬ್ಬರೂ ನಿಂತರು.

ಎರಡು ಎಳೆ, ತುದಿಗಳಿಗೆ ಅರಗಿನ ಚುಕ್ಕೆ.
ಅಷ್ಟು ಹೊತ್ತು ನಾನು ಉಸಿರಾಡಿದ ನೆನಪಿಲ್ಲ.

ಮಾಳಿಗೆಯಲ್ಲಿ ಮೂರು ಕಾಲಿನ ಮೇಲೆ ಕೂರಿಸಿ ನೋಡಿದೆ:
ಎಲ್ಲ ತಲೆಕೆಳಗು. ಹಳೆಯ ದುರ್ಬೀನು ಹಾಗೇ,
ನೆಟ್ಟಗೆ ತೋರಿಸಲು ಇನ್ನಷ್ಟು ಗಾಜು ಬೇಕು, ಅಷ್ಟು ಬೆಳಕು ನಷ್ಟ.
ಸೇಂಟ್ ಮೇರಿ ಚರ್ಚಿನ ಗೋಪುರ ಆಕಾಶದೊಳಕ್ಕೆ ಇಳಿಬಿದ್ದಿತ್ತು,
ನೀರಿನ ಟ್ಯಾಂಕುಗಳು ಬಾವಲಿಗಳಾಗಿದ್ದವು.
ಯಾವುದೋ ತಾರಸಿಯಲ್ಲಿ ಒಬ್ಬಾಕೆ ಹರವಿದ ಸೀರೆ
ಮೇಲಕ್ಕೆ ಜೋತಾಡಿತು.
ನೀರು ಮೇಲಕ್ಕೆ ತೊಟ್ಟಿಕ್ಕಿತು.
ಅವಳ ಹಣೆಯ ಮೇಲೆ ಎರಡು ಎಳೆ ಕೂಡಿದವು;
ನಾಚಿ ಕಣ್ಣು ತೆಗೆದೆ.

ಪೆಟ್ಟಿಗೆಯ ಮುಚ್ಚಳದೊಳಗೆ ಯಾವನೋ ದೊರೆಯ ಹೆಸರು, ಶಾಯಿಯಲ್ಲಿ.
ಬೆಟ್ಟ ಬೆಟ್ಟಕ್ಕೆ ಹೊತ್ತು ಹತ್ತಿದವನದು
ತೊಗಲಿನ ಪಟ್ಟಿಯಲ್ಲಿ, ಬೆವರಿನ ಕಪ್ಪಾಗಿ.
ಅದನ್ನು ಓದಲು ಲೆನ್ಸು ಇನ್ನೂ ಬಂದಿಲ್ಲ.

ಎಷ್ಟಾಯಿತು ಎಂದೆ.
'ಒರೆಸಿದ್ದಕ್ಕೆ ಇನ್ನೂರು. ನೂಲು ನನ್ನದಲ್ಲ.'
ಡಬ್ಬಿಯನ್ನು ಕೈಗಿಟ್ಟರು: 'ಆ ಕಡೆಯಿಂದಲೇ ಹೋಗ್ತೀರಲ್ಲ.'

ಹರಾಜು ನಿಂತಿತೇ ಎಂದು ಕೇಳಬೇಡಿ.

ಹೈಕೋರ್ಟಿನ ಕೆಂಪು ಗೋಡೆಯೆದುರು, ಬೇಲಿಯ ಬುಡದಲ್ಲಿ
ಮುಚ್ಚಳ ತೆರೆದೆ.
ಅವಳಿಗೆ ಅವಸರವಿರಲಿಲ್ಲ.
ಒಂದೇ ಒಂದು ಕಾಲು ಹೊರಗಿಟ್ಟು
ಗಾಳಿ ಎತ್ತಣದೆಂದು ಅಳೆದಳು.