ಬಿರಡೆ

ಹಂಡೆಯಷ್ಟು ಬಾಯಿ ನನ್ನ ಟ್ಯೂಬಾಕ್ಕೆ.
ಅದಕ್ಕೊಂದು ಬಿರಡೆ:
ರಟ್ಟಿನ ಶಂಕು, ಕುತ್ತಿಗೆಗೆ ಮೂರು ಕಾರ್ಕಿನ ಪಟ್ಟಿ,
ಬುಡಕ್ಕೆ ನಾನೇ ಅಂಟಿಸಿದ ಹಳೇ ಕೋಟಿನ ಉಣ್ಣೆ.
ಎರಡೂ ಕೈಯಲ್ಲಿ ಎತ್ತಿ
ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿ
ಕಾಲು ಸುತ್ತು ತಿರುಗಿಸಬೇಕು.
ಕಾರ್ಕು ಕಿರ್ರೆಂದರೆ ಕೂತಿತು ಅಂತ ಲೆಕ್ಕ.

ಬೀತೊಮ್ ಊರಿನ ಕೆಂಪಿಟ್ಟಿಗೆ ವಠಾರ ಇದು,
ಗಣಿ ಕಂಪನಿ ತನ್ನ ಆಳುಗಳಿಗೆ ಕಟ್ಟಿಸಿದ್ದು.
ಹೊರಗೋಡೆ ಕೋಟೆ, ಒಳಗೋಡೆ ಹಪ್ಪಳ.
ಪಕ್ಕದ ಮನೆಯ ಎರ್ವಿನ್ ಕೆಮ್ಮಿದರೆ
ನನ್ನ ಕಪಾಟಿನ ಲೋಟ ಉತ್ತರ ಕೊಡುತ್ತದೆ.

ನನ್ನದು ಟ್ರಾಮ್ ಓಡಿಸುವ ಕೆಲಸ.
ಕೊನೆಯ ಗಾಡಿಯನ್ನು ಷೆಡ್ಡಿಗೆ ಬಿಟ್ಟು
ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ
ಸಾರು ಕುಡಿದು ಕೂರುವಾಗ ಹನ್ನೆರಡೂವರೆ.
ಅಭ್ಯಾಸಕ್ಕೆ ಬೇರೆ ಹೊತ್ತನ್ನು ದೇವರು ಮಾಡಿಲ್ಲ.

ಬಿರಡೆ ಹಾಕಿ ಊದುವುದೆಂದರೆ
ಯಾರೋ ಆಚೆಯಿಂದ ಒತ್ತಿ ಹಿಡಿದ ಬಾಗಿಲನ್ನು
ಬರೀ ಉಸಿರಿನಿಂದ ತಳ್ಳಿದ ಹಾಗೆ.
ಕೊಟ್ಟ ಗಾಳಿಯಲ್ಲಿ ಅರ್ಧ ವಾಪಸು ಬಂದು ಕೆನ್ನೆಯಲ್ಲಿ ಕೂರುತ್ತದೆ.
ಸ್ವರ ಕೂದಲೆಳೆ ಮೇಲೇರುತ್ತದೆ,
ಕೊಳವೆ ಎರಡು ಬೆರಳು ಹೊರಗೆಳೆದು ಇಳಿಸಬೇಕು.
ಮಂದ್ರದ ಕೊನೆಯ ಮೂರು ಸ್ವರಗಳಂತೂ
ಬಾವಿಗೆ ಬಿದ್ದ ತಂಬಿಗೆ,
ಪಾತಾಳಗರಡಿಗೆ ತಾಗುತ್ತವೆ, ಸಿಕ್ಕುವುದಿಲ್ಲ.
ಇಷ್ಟೆಲ್ಲ ಆಗಿ ಹೊರಗೆ ಬರುವುದು
ಮುಚ್ಚಿದ ಡಬ್ಬಿಯಲ್ಲೊಂದು ದುಂಬಿ.

ಒಳಗಿನ ಕಥೆ ಬೇರೆ.
ಬರಬೇಕಾದ ಭೋರು ಬಾಯಿಂದ ಬಾರದೆ
ಹಲ್ಲಿಗಿಳಿದು, ಪಕ್ಕೆಲುಬಿಗಿಳಿದು, ತೊಡೆಯಿಂದ ಕುರ್ಚಿಗೆ,
ಕುರ್ಚಿಯ ಕಾಲಿಂದ ನೆಲದ ಹಲಗೆಗೆ.
ಅಲ್ಲಿಂದ ಎಲ್ಲಿಗೆ, ನಾನು ಕೇಳಿರಲಿಲ್ಲ.

ಗಣಿ ಮುಚ್ಚಿ ಎರಡು ವರ್ಷ, ಬ್ಯಾಂಡು ಮಾತ್ರ ಉಳಿದಿದೆ.
ಕರಿ ಕೋಟು, ಟೋಪಿಗೆ ಕೆಂಪು ಗರಿ, ಮೂವತ್ತೊಂದು ಮಂದಿ;
ಕಲ್ಲಿದ್ದಲು ಕಡಿದ ಕೈ ನಾಲ್ಕು ಜನರದ್ದು.
ಮಾಸ್ತರು ಗೆರಾರ್ಡ್ ಕಡ್ಡಿ ಕೆಳಗಿಟ್ಟು ಹೇಳಿದರು:
'ಬೆರ್ನಾದೆತಾ, ನೀನು ಕ್ಷಮೆ ಕೇಳಿಕೊಂಡು ಊದುತ್ತೀಯ.'

ನವೆಂಬರಿನಲ್ಲಿ ಜ್ವರ.
ಹತ್ತು ರಾತ್ರಿ ಬಿರಡೆ ಮೂಲೆಯಲ್ಲಿ ಬೋರಲು ಬಿದ್ದಿತ್ತು.
ಹನ್ನೊಂದನೆಯ ದಿನ ಬಾಗಿಲು ಬಡಿದರು ಎರ್ವಿನ್,
ಪೈಜಾಮದ ಮೇಲೆ ಸ್ವೆಟರು, ಕಣ್ಣು ಕೆಂಡ.
ನಾಲ್ಕು ವರ್ಷದಿಂದ ಒಗೆದು ಮಡಿಸಿಟ್ಟಿದ್ದ 'ಕ್ಷಮಿಸಿ'
ನಾಲಿಗೆಗೆ ಬರುವ ಮೊದಲೇ ಕೇಳಿದರು:
'ಮಷೀನು ಕೆಟ್ಟಿದೆಯಾ?'
ಯಾವ ಮಷೀನು?
'ರಾತ್ರಿ ನಿನ್ನ ಮನೆಯಲ್ಲಿ ಓಡುತ್ತಿತ್ತಲ್ಲ.'

ಮೂವತ್ತೇಳು ವರ್ಷ ಗಣಿಯ ದೊಡ್ಡ ಫ್ಯಾನಿನ ಪಕ್ಕ ಮಲಗಿದವರು.
ಕೆಳಗಿದ್ದಾಗ ಅದು ಉಸಿರು, ಮೇಲೆ ಬಂದರೆ ಜೋಗುಳ.
ಅದನ್ನು ನಿಲ್ಲಿಸಿದ ರಾತ್ರಿ
ಓಣಿಯ ನಾಯಿಗಳೆಲ್ಲ ಎದ್ದು ಕೂತಿದ್ದವಂತೆ.
'ಫ್ಯಾನು ನಿಂತರೆ ಓಡು. ನಮಗೆ ಕಲಿಸಿದ ಮೊದಲ ಪಾಠ.
ಈಗ ಮಲಗಿದಲ್ಲೇ ಕಾಲು ಓಡುತ್ತದೆ.
ನಿನ್ನ ಮಷೀನು ಶುರುವಾದರೆ ನಿಲ್ಲುತ್ತದೆ.'

ಒಳಗೆ ಕರೆದು ತೋರಿಸಿದೆ.
ಬಿರಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದರು,
ಕಲ್ಲಂಗಡಿ ಕೊಳ್ಳುವವರ ಹಾಗೆ.
'ಇದಾ? ಬಾರ್ಬರಾ ಹಬ್ಬದ ಬೆಳಗ್ಗೆ ಅರಚುವುದು ಇದೇನಾ?'
ನಕ್ಕರು, ಕೆಮ್ಮಿದರು,
ಆಚೆ ಲೋಟ ಉತ್ತರ ಕೊಟ್ಟಿತು.

ಡಿಸೆಂಬರ್ ನಾಲ್ಕು, ಬೆಳಗಿನ ಐದು ಗಂಟೆ.
ಗಣಿಯವರ ದೇವತೆ ಬಾರ್ಬರಾಳ ಹಬ್ಬಕ್ಕೆ
ಬೀದಿ ಬೀದಿ ಎಬ್ಬಿಸುತ್ತ ಹೊರಟೆವು.
ಬಿರಡೆ ಮನೆಯಲ್ಲಿ.
ತಡೆಯುವ ಬಾಗಿಲಿಲ್ಲದ ಉಸಿರು
ಮುಗ್ಗರಿಸಿ ಬೀದಿಗೆ ಬಿತ್ತು. ಭೋರೆಂದಿತು.
ಮಂಜು ಉದುರಿತು, ಕಿಟಕಿ ಕಿಟಕಿಗೂ ದೀಪ,
ಮಾಸ್ತರು ತಿರುಗಿ ನೋಡಿ ಹುಬ್ಬು ಹಾರಿಸಿದರು.

ನಮ್ಮ ವಠಾರದ ಎರಡನೆಯ ಮಹಡಿಯಲ್ಲಿ
ಒಂದು ಕಿಟಕಿ ಮಾತ್ರ ಕತ್ತಲು.
ಹಿಂದಿನ ರಾತ್ರಿ ಎರಡರವರೆಗೂ ಊದಿದ್ದೆ, ಬಿರಡೆ ಹಾಕಿ.
ಅದರ ಕೆಳಗೆ ಹಾದು ಹೋಗುವಾಗ
'ಜೋರು, ಜೋರು' ಎಂದು ಕಣ್ಣಲ್ಲೇ ಗದರಿದರು ಮಾಸ್ತರು.
ಕೈ ವಾಲ್ವುಗಳನ್ನು ಒತ್ತುತ್ತಲೇ ಇತ್ತು.
ನಾನು ಊದಲಿಲ್ಲ.